ಸಿಟಿವೆಸ್ಟ್‌ನ ಮನೆಯಲ್ಲಿ ಧಾರವಾಡದ ಕಸೂತಿ

ಡಬ್ಲಿನ್ನಿನ ಲುವಾಸ್ ಟ್ರಾಮಿನ ಕೆಂಪು ಮಾರ್ಗದ ಒಂದು ಕೊನೆ ಸ್ಯಾಗರ್ಟ್ ನಿಲ್ದಾಣ. ಅದರ ಪಕ್ಕದ ಬಡಾವಣೆಯೇ ಸಿಟಿವೆಸ್ಟ್. ಇಲ್ಲಿನ ನಮ್ಮ ಮನೆಯಲ್ಲಿ ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಮ್ಯಾಟಿ ಬಟ್ಟೆ, ಸೂಜಿ, ಬಣ್ಣದ ದಾರ ಹರಡಿಕೊಳ್ಳುತ್ತವೆ. ನಾಲ್ಕು ಹುಡುಗಿಯರು ಎಳೆ ಎಣಿಸುತ್ತ ಕೂರುತ್ತಾರೆ.

ಕಸೂತಿಯ ಕಟ್ಟುಪಾಡು ನಿಮಗೆ ಗೊತ್ತೇ ಇದೆ. ಬಟ್ಟೆಯ ಮೇಲೆ ಗೆರೆ ಎಳೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲ ಮೂಡಬೇಕು. ಗವಂತಿ, ಮುರ್ಗಿಯಾದರೆ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು.

ನಾವೇನೂ ಪರಿಣತರಲ್ಲ. ಚಿಕ್ಕಂದಿನಲ್ಲಿ ಅಮ್ಮ ಸೂಜಿ ಹಿಡಿಯಲು ಕರೆದರೆ ಪರೀಕ್ಷೆ ಇದೆ ಎಂದು ತಪ್ಪಿಸಿಕೊಂಡವರು. ಈಗ ಅವರದೇ ಹಳೆಯ ಇಳಕಲ್ ಸೀರೆಯ ಸೆರಗು ತಿರುವಿ ನೋಡಿ ಕಲಿಯುತ್ತಿದ್ದೇವೆ. ಸೂಜಿಗೆ ದಾರ ಪೋಣಿಸಲು ಅಮ್ಮನ ಕಣ್ಣು ಸಾಲದು. ಎಣಿಕೆ ಮಾತ್ರ ಮರೆತಿಲ್ಲ.

ಕಳೆದ ವಾರ ಒಬ್ಬಳ ಆನೆಯ ಸೊಂಡಿಲು ಕೂಡಲೇ ಇಲ್ಲ. ಎಲ್ಲೋ ಒಂದು ಎಳೆ ತಪ್ಪಿತ್ತು. ಹುಡುಗಿ ಅಳತೊಡಗಿದಳು. ವಿಡಿಯೋ ಕಾಲ್‌ನಲ್ಲಿದ್ದ ಅಜ್ಜಿ, "ಅಳಬ್ಯಾಡವಾ, ಬಿಚ್ಚು. ಬಿಚ್ಚಿ ಹಾಕಿದ್ರನ ಕೈಗೆ ಎಣಿಕಿ ಬರ್ತದ" ಎಂದರು.

ಆ ಮಾತಿಗೆ ಐರ್ಲೆಂಡಿನಲ್ಲೂ ಸಾಕ್ಷಿಯಿದೆ. 1845ರಲ್ಲಿ ಶುರುವಾದ ಆಲೂಗಡ್ಡೆ ಕ್ಷಾಮದ ಕಾಲದಲ್ಲಿ ಕಾರ್ಕ್ ಕೌಂಟಿಯ ಯಾಲ್ ಊರಿನ ಪ್ರೆಸೆಂಟೇಶನ್ ಕಾನ್ವೆಂಟಿನ ಮದರ್ ಮೇರಿ ಆ್ಯನ್ ಸ್ಮಿತ್, ಇಟಲಿಯ ಹಳೆಯ ಲೇಸಿನ ತುಂಡೊಂದನ್ನು ಎಳೆ ಎಳೆಯಾಗಿ ಬಿಚ್ಚಿ ಅದರ ಗುಟ್ಟು ಕಲಿತರು. ಊರಿನ ಹುಡುಗಿಯರಿಗೂ ಕಲಿಸಿದರು. ಹಸಿದ ಮನೆಗಳಿಗೆ ಆ ಸೂಜಿ ನಾಲ್ಕು ಕಾಸು ತಂದಿತು. ಇಂದಿಗೂ ಯಾಲ್ ಲೇಸ್ ಎಂದರೆ ಹೆಸರಿದೆ.

ನಮ್ಮ ಮೇಜಿನಲ್ಲಿ ಉಕ್ರೇನಿನ ಹುಡುಗಿಯೂ ಒಬ್ಬಳಿದ್ದಾಳೆ. 2022ರಲ್ಲಿ ಯುದ್ಧ ಶುರುವಾದಾಗ ಅಲ್ಲಿಂದ ಬಂದ ಅನೇಕರಿಗೆ ಸಿಟಿವೆಸ್ಟ್‌ನ ಸಮಾವೇಶ ಕೇಂದ್ರವೇ ಮೊದಲ ಆಸರೆಯಾಗಿತ್ತು. ಮೆಂತಿ ಹೊಲಿಗೆ ಅವಳಿಗೆ ಕಲಿಸಬೇಕಾಗಲಿಲ್ಲ. ಅವರ ಕಡೆಯ ಕಸೂತಿ ಅಂಗಿಗಳಲ್ಲೂ ಅದೇ ಅಡ್ಡ ಹೊಲಿಗೆ. ಅವಳೇ ನಮ್ಮ ಮಕ್ಕಳ ಕೈ ಹಿಡಿದು ತೋರಿಸಿದಳು.

ಊರಲ್ಲಿರುವ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಮಕ್ಕಳು, ಮೊಮ್ಮಕ್ಕಳು ಫೋನ್ ಮಾಡಿದಾಗ ಪೆಟ್ಟಿಗೆಯಲ್ಲಿರುವ ಆ ಸೀರೆ ತೆಗೆದು ತೋರಿಸಿ. ಸೆರಗಿನ ಹಿಂಬದಿಯನ್ನೂ ತೋರಿಸಿ. ಕಲಿಯಬೇಕಾದದ್ದು ಅಲ್ಲೇ ಇದೆ.