ಡಾನ್ ಸರ್ ಅಲ್ಲ, ಮೇಡಂ!

ಬಿಇ ಮೂರನೇ ವರ್ಷದ ಇಂಟರ್ನ್‌ಶಿಪ್, ಮೊದಲ ವಾರ. ಕ್ಯಾಲಿಫೋರ್ನಿಯಾದ ಟೀಮ್ ಲೀಡ್ ಆನ್‌ಲೈನ್ ಮೀಟಿಂಗ್‌ನಲ್ಲಿ 'ರಿಪೋರ್ಟ್ ಡಾನ್‌ಗೆ ತೋರಿಸು' ಎಂದರು. ನಾನು ಟೀಮಿನ ಗ್ರೂಪ್‌ಗೆ 'ಡಿಯರ್ ಡಾನ್ ಸರ್' ಎಂದು ಕಳಿಸಿಯೇಬಿಟ್ಟೆ, ಸ್ಪೆಲ್ಲಿಂಗ್ ಡಿ-ಓ-ಎನ್. ಉತ್ತರ ಬಂತು: 'ನಾನು ಡಿ-ಎ-ಡಬ್ಲ್ಯೂ-ಎನ್. ಸರ್ ಅಲ್ಲ!' ಜೊತೆಗೆ ನಗುವ ಇಮೋಜಿ. ನನಗೆ ಮಾತ್ರ ಇಂಟರ್ನ್‌ಶಿಪ್ಪೇ ಹೋಯಿತು ಅನ್ನಿಸಿತ್ತು.

ಆಮೇಲೆ ತಿಳಿಯಿತು, ಅಮೆರಿಕದ ಪಶ್ಚಿಮ ಭಾಗ ಮತ್ತು ಕೆನಡಾದ ಹೆಚ್ಚಿನವರ ಬಾಯಲ್ಲಿ ಈ ಎರಡೂ ಹೆಸರು ಒಂದೇ. ಲಂಡನ್ನಿನಲ್ಲಿ ಬೇರೆ ಬೇರೆ. ಮರುದಿನ ಡಾನ್ ಮೇಡಂ ನನ್ನನ್ನು 'ಸವೀಡಾ' ಎಂದು ಕರೆದರು. 'ವಾಟರ್' ಅನ್ನು 'ವಾಡರ್' ಎನ್ನುವ ನಾಲಿಗೆಗೆ ಸವಿತಾ ಹಾಗಾಗುವುದು ಸಹಜವೇ.

ನಾವೇನು ಕಡಿಮೆಯೇ? ಮಂಡ್ಯ ಕಡೆಯ ನಮ್ಮಜ್ಜಿಗೆ ಅಣ್ಣ ಹರೀಶ ಇಂದಿಗೂ 'ಅರೀಸ'. ಲಂಡನ್ನಿನ ಕಾಕ್ನಿ ಮಾತಿನವರಿಗೂ ಹ್ಯಾರಿ 'ಆ್ಯರಿ'ಯೇ!

ಈಗ ಹೊಸ ಹೆಸರು ಕಿವಿಗೆ ಬಿದ್ದ ಕೂಡಲೇ ಸ್ಪೆಲ್ಲಿಂಗ್ ಕೇಳುತ್ತೇನೆ. ನನ್ನ ಹೆಸರನ್ನೂ ಒಮ್ಮೆ ಬಿಡಿಸಿ ಹೇಳುತ್ತೇನೆ. ಇಂಟರ್‌ವ್ಯೂಗೆ ಹೊರಟವರೇ, ನೀವೂ ಸಂಕೋಚ ಬಿಟ್ಟು ಕೇಳಿ. ಕೇಳಿದ್ದಕ್ಕೆ ಯಾರೂ ನನ್ನನ್ನು ದಡ್ಡಿ ಎಂದಿಲ್ಲ. ಕೇಳದೆ ಬರೆದಾಗಲೇ ಪೇಚಿಗೆ ಸಿಕ್ಕಿದ್ದು.