ತಂಬಾಕು ನಿವಾರಣೆಯ ಫಲವನ್ನು ಅಳೆಯುವ ಕ್ರಮ

ಹೊಸ ಗೊಬ್ಬರವನ್ನು ನಂಬುವ ಮೊದಲು ಜಾಣನಾದ ರೈತನು ಅದನ್ನು ಒಂದು ಮಡಿಗೆ ಹಾಕಿ, ಪಕ್ಕದ ಮಡಿಯನ್ನು ಹಾಗೆಯೇ ಬಿಟ್ಟು, ಸುಗ್ಗಿಯಲ್ಲಿ ಎರಡರ ಫಸಲನ್ನೂ ಅಳೆಯುವನು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ದಾನವಾಗಿತ್ತ 30 ಎಕರೆ ಭೂಮಿಯಲ್ಲಿ ಆರಂಭವಾದ ಹೆಬ್ಬಾಳದ ಪ್ರಯೋಗ ಕ್ಷೇತ್ರದ ಮಾರ್ಗವೂ ಇಂಥದೇ. ತಂಬಾಕು ನಿವಾರಣೆಯ ಕಾರ್ಯಕ್ಕೂ ಇದೇ ಪರೀಕ್ಷೆ ಸಲ್ಲತಕ್ಕದ್ದು.

2003ರ ಕೇಂದ್ರ ಶಾಸನವು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. 2008ರ ಅಕ್ಟೋಬರ್ 2ರಿಂದ ಅದರ ನಿಯಮಗಳು ಬಿಗಿಯಾದವು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ದಂಡವನ್ನು 1,000 ರೂಪಾಯಿಯವರೆಗೂ, ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸನ್ನು 21ಕ್ಕೂ ಏರಿಸಿದೆ.

ಇದರ ಫಲವೇನು? ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರಲ್ಲಿ ನೂರಕ್ಕೆ 28.2 ಇದ್ದುದು 2016-17ರಲ್ಲಿ 22.8ಕ್ಕೆ ಇಳಿಯಿತು. ಆದರೆ ಆ ಎರಡನೆಯ ಗಣನೆಯಲ್ಲಿ ಹೊಗೆ ಸೇದುವವರು 8.8, ಹೊಗೆಯಿಲ್ಲದ ತಂಬಾಕನ್ನು ಬಳಸುವವರು 16.3. ಆದುದರಿಂದ ಹೊಗೆಯನ್ನು ಮಾತ್ರ ತಡೆದ ಗ್ರಾಮವು ಸಣ್ಣ ಕಳೆಯನ್ನು ಕಿತ್ತು ದೊಡ್ಡದನ್ನು ಉಳಿಸಿದಂತಾಗುವುದು.

ರಾಜ್ಯದ ಸರಾಸರಿಯಿಂದ ಒಂದು ಊರಿನ ಸ್ಥಿತಿ ತಿಳಿಯದು. ಯಲಹಂಕ, ಹೆಸರಘಟ್ಟ ಹೋಬಳಿಗಳ ಯಜಮಾನರು ಫಲಕ ನೆಡುವ ಮೊದಲೇ ಒಂದು ಲೆಕ್ಕ ಬರೆಯಿಸಿಡುವುದು ಉತ್ತಮ. ಪಂಚಾಯತಿ ಕಚೇರಿ, ಬಸ್ಸು ನಿಲ್ದಾಣ, ಹಾಲಿನ ಸೊಸೈಟಿ ಇವುಗಳ ಬಳಿ ಗೊತ್ತಾದ ವಾರದಲ್ಲಿ, ಗೊತ್ತಾದ ವೇಳೆಯಲ್ಲಿ ಸೇದುವವರೆಷ್ಟು, ಬೀಡಿಯ ತುಂಡುಗಳೆಷ್ಟು, ಉಗುಳಿನ ಕಲೆಗಳೆಷ್ಟು. ಶಾಲೆಯಿಂದ ನೂರು ಮೀಟರಿನೊಳಗೆ ತಂಬಾಕು ಮಾರುವ ಅಂಗಡಿಗಳೆಷ್ಟು ಎಂದು ಎಣಿಸಬೇಕು. ಆರು ತಿಂಗಳ ಮೇಲೆ ಹಾಗೆಯೇ ಮತ್ತೆ ಎಣಿಸಬೇಕು. ಕಾರ್ಯ ಆರಂಭವಾಗದ ನೆರೆಯೂರಿನಲ್ಲಿಯೂ ಎರಡು ಸಲ ಎಣಿಸಬೇಕು. ಇಲ್ಲವಾದರೆ ಮಳೆಯಿಂದ ಜನ ಚೆದುರಿದ್ದನ್ನೇ ಶಾಸನದ ಫಲವೆಂದು ಭ್ರಮಿಸುವ ಸಂಭವವುಂಟು.

ವಸೂಲಾದ ದಂಡದ ಮೊತ್ತವು ಈ ಲೆಕ್ಕಕ್ಕೆ ಬದಲಾಗದು. ದಂಡ ಹೆಚ್ಚಿದರೆ ಅಧಿಕಾರಿಗಳ ಶ್ರಮ ತಿಳಿಯುವುದೇ ಹೊರತು ಚಟ ಇಳಿದದ್ದು ತಿಳಿಯದು. ನಿಲ್ದಾಣ ಬಿಟ್ಟವರು ಮನೆಯ ಪಡಸಾಲೆಯಲ್ಲಿ ಸೇದತೊಡಗಿದರೆ ಆ ಹೊಗೆ ಹೆಂಗಸರಿಗೂ ಕೂಸುಗಳಿಗೂ ತಗಲುವುದು. ಆದಕಾರಣ ಮನೆಗಳಲ್ಲಿಯೂ ವಿಚಾರಿಸತಕ್ಕದ್ದು.

ಕೊನೆಯ ಎಣಿಕೆಯು ಯಜಮಾನರ ಸ್ವಂತ ಅಂಗಳದ್ದು. ಕೂಲಿಯಾಳುಗಳಿಗೆ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನೂ ಕೊಡುವ ವಾಡಿಕೆ ನಿಂತಿದೆಯೇ? ಹುಡುಗನ ಕೈಗೆ ಕಾಸು ಕೊಟ್ಟು ಅಂಗಡಿಯಿಂದ ಬೀಡಿ ತರಿಸುವುದು ನಿಂತಿದೆಯೇ? ಊರಿನ ಮಕ್ಕಳು ಫಲಕವನ್ನು ಓದುವ ಮೊದಲು ಹಿರಿಯರ ನಡತೆಯನ್ನು ಓದುವರು.