ಎಂಟಕ್ಕೂ ಎಂಟಕ್ಕೂ ಇರುವ ಅಂತರ

1952ರಲ್ಲಿ ಅಮೆರಿಕದ ಟಾಪ್ಸ್ ಕಂಪನಿ ಬಬಲ್ ಗಮ್ ಪೊಟ್ಟಣದೊಳಗೆ ಇಟ್ಟು ಮಾರಿದ ಬೇಸ್‌ಬಾಲ್ ಕಾರ್ಡುಗಳಲ್ಲಿ 311ನೆಯದು ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್‌ನದು. ಆ ವರ್ಷ ಖರ್ಚಾಗದೆ ಉಳಿದ ಕಾರ್ಡಿನ ಪೆಟ್ಟಿಗೆಗಳನ್ನು 1960ರಲ್ಲಿ ತಾವೇ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದೆವೆಂದು ಕಂಪನಿಯ ಸೈ ಬರ್ಗರ್ ಮುಂದೆ ಹೇಳಿಕೊಂಡರು. 2022ರ ಆಗಸ್ಟ್‌ನಲ್ಲಿ ಆ ಮ್ಯಾಂಟಲ್ ಕಾರ್ಡಿನ ಒಂದು ಪ್ರತಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದನ್ನು ಮುಚ್ಚಿದ್ದ ಪ್ಲಾಸ್ಟಿಕ್ ಕವಚದ ಮೇಲೆ ಕಾರ್ಡಿನ ಸ್ಥಿತಿಗೆ ಹತ್ತರೊಳಗೆ ಅಂಕಿ ಕೊಡುವ ಎಸ್‌ಜಿಸಿ ಸಂಸ್ಥೆ ಬರೆದಿದ್ದದ್ದು 9.5. ಪಿಎಸ್‌ಎ ಎಂಬ ಇನ್ನೊಂದು ಸಂಸ್ಥೆಯಿಂದ ಪೂರ್ತಿ 10 ಪಡೆದ ಮ್ಯಾಂಟಲ್ ಕಾರ್ಡುಗಳು ಮೂರಿವೆ, ಆದರೂ ಸುದ್ದಿಯಾದದ್ದು ಈ ಒಂಬತ್ತೂವರೆಯೇ. 1991ರಲ್ಲಿ ಅಲನ್ ರೋಸೆನ್ ಎಂಬ ಹೆಸರಾಂತ ವ್ಯಾಪಾರಿ ಇದನ್ನು 50,000 ಡಾಲರಿಗೆ ಮಾರಿದಾಗ ಇದಕ್ಕೆ ಅಂಕಿಯೇ ಇರಲಿಲ್ಲ. ತಾನು ಬಲ್ಲ ಮ್ಯಾಂಟಲ್‌ಗಳಲ್ಲೆಲ್ಲ ಇದೇ ಮೇಲೆಂದು ರೋಸೆನ್ ನಂಬಿದ್ದ, ಕೊಂಡವನೂ ಒಪ್ಪಿದ್ದ. ಇಬ್ಬರೂ ನೆಚ್ಚಿದ್ದು ಕಣ್ಣನ್ನು. ಸಂಗ್ರಹಕಾರರು ಐ ಅಪೀಲ್ ಎಂದು ಕರೆಯುವ, ಕಾರ್ಡು ಕಣ್ಣಿಗೆ ಒಪ್ಪುವ ಈ ಗುಣವನ್ನು ಅನೇಕರು ಬರೀ ಅಭಿರುಚಿಯ ಮಾತೆಂದು ತಳ್ಳಿಹಾಕುತ್ತಾರೆ. ನನಗೆ ಅದು ಅಭಿರುಚಿಗಿಂತ ಹೆಚ್ಚಾಗಿ ತಿಳಿವಳಿಕೆಯ ಮಾತೆಂದು ತೋರುತ್ತದೆ. ಕಾರ್ಡು ಹೇಗೆ ಅಚ್ಚಾಯಿತು, ಹೇಗೆ ಕತ್ತರಿಸಲ್ಪಟ್ಟಿತು ಎಂಬುದನ್ನು ಅರಿತ ಕಣ್ಣಿಗೆ ಮಾತ್ರ ಅದು ಸರಿಯಾಗಿ ಕಾಣಿಸುತ್ತದೆ.

ಈ ಅಂಕಿಗಳು ಬರುವ ಬಗೆಯನ್ನು ಮೊದಲು ನೋಡೋಣ. ಬೆಂಗಳೂರಿನ ಆಟಿಕೆ ಅಂಗಡಿಗಳಲ್ಲಿ ಈಗ ಪೊಕೆಮಾನ್ ಕಾರ್ಡಿನ ಪೊಟ್ಟಣಗಳು ಸಿಗುವುದರಿಂದ ಮಕ್ಕಳಿರುವ ಮನೆಗಳಿಗೆ ಈ ಲೋಕ ತೀರ ಹೊಸದಲ್ಲ. ಕಾರ್ಡನ್ನು ಗ್ರೇಡಿಂಗ್ ಸಂಸ್ಥೆಗೆ ಕಳಿಸಿದರೆ ಅವರು ಅದು ಅಸಲಿಯೋ ಅಲ್ಲವೋ ಎಂದು ಪರಿಶೀಲಿಸಿ, 1ರಿಂದ 10ರವರೆಗಿನ ಒಂದು ಅಂಕಿ ಕೊಟ್ಟು, ಒಡೆಯದೆ ಬಿಚ್ಚಲಾಗದ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಹಿಂದಿರುಗಿಸುತ್ತಾರೆ. ಈ ಕವಚಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಪಿಎಸ್‌ಎ ಈ ಕೆಲಸ ಶುರುಮಾಡಿದ್ದು 1991ರಲ್ಲಿ. 1999ರಲ್ಲಿ ಬಂದ ಬೆಕೆಟ್ ಗ್ರೇಡಿಂಗ್ ಸಂಸ್ಥೆ ಸೆಂಟರಿಂಗ್, ಮೂಲೆ, ಅಂಚು, ಮೇಲ್ಮೈ ಎಂದು ನಾಲ್ಕು ಭಾಗ ಮಾಡಿ ಪ್ರತಿಯೊಂದಕ್ಕೂ ಬೇರೆಬೇರೆ ಅಂಕಿ ಕೊಡುವ ಕ್ರಮ ತಂದಿತು. ಯಾರು ಕೊಟ್ಟರೂ ಅಂಕಿಯ ಸ್ವಭಾವ ಒಂದೇ: ಅದು ಕೊರತೆಗಳನ್ನು ಎಣಿಸುತ್ತದೆ. ಎಸೆಸೆಲ್ಸಿಯ ಗಣಿತದಲ್ಲಿ ಇಬ್ಬರು ಹುಡುಗರು ಎಂಬತ್ತು ತೆಗೆದಿರಬಹುದು, ಒಬ್ಬನಿಗೆ ರೇಖಾಗಣಿತವೇ ಬಾರದು, ಇನ್ನೊಬ್ಬ ಅಲ್ಲಲ್ಲಿ ಕೂಡುವಾಗ ಎಡವಿದ್ದಾನೆ. ಅಂಕಪಟ್ಟಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ, ಪಾಠ ಹೇಳಿದ ಮೇಷ್ಟ್ರು ನಿಲ್ಲಿಸುವುದಿಲ್ಲ.

ಪಿಎಸ್‌ಎಯ 8ನ್ನೇ ತೆಗೆದುಕೊಳ್ಳಿ. ಚಿತ್ರದ ಸುತ್ತ ಇರುವ ಅಂಚುಪಟ್ಟಿ ಎರಡೂ ಬದಿಯಲ್ಲಿ ಎಷ್ಟು ಸಮವಾಗಿದೆ ಎಂಬುದೇ ಸೆಂಟರಿಂಗ್. ಮುಂಭಾಗದಲ್ಲಿ ಈ ಹಂಚಿಕೆ 10ಕ್ಕೆ 55/45ರೊಳಗೆ, 9ಕ್ಕೆ 60/40ರೊಳಗೆ, 8ಕ್ಕೆ 65/35ರೊಳಗೆ ಇರಬೇಕು. ಎಡಬಲದ ಪಟ್ಟಿಗಳು ಸೇರಿ 6 ಮಿಲಿಮೀಟರ್ ಇದ್ದರೆ 55/45 ಎಂದರೆ ಒಂದು ಕಡೆ 3.3, ಇನ್ನೊಂದು ಕಡೆ 2.7. ಇಷ್ಟು ವ್ಯತ್ಯಾಸ ಯಾರ ಕಣ್ಣಿಗೂ ಚುಚ್ಚದು. 65/35 ಎಂದರೆ 3.9 ಮತ್ತು 2.1, ಒಂದು ಪಟ್ಟಿ ಇನ್ನೊಂದರ ಸುಮಾರು ಎರಡರಷ್ಟು. ಅಲ್ಲಿ ಆಟಗಾರ ಒಂದು ಬದಿಗೆ ಒತ್ತರಿಸಿ ನಿಂತಂತೆ ಕಾಣುತ್ತಾನೆ. ಇನ್ನೊಂದು ಕಾರ್ಡು ಸೆಂಟರಿಂಗ್‌ನಲ್ಲಿ ಹೆಚ್ಚುಕಡಿಮೆ ನಿಖರವಾಗಿದ್ದು, ಎರಡು ಮೂಲೆಗಳಲ್ಲಿ ಭೂತಗನ್ನಡಿ ಹಿಡಿದರಷ್ಟೇ ತಿಳಿಯುವ ನಾರು ಎದ್ದಿರಬಹುದು, ಹಿಂಬದಿಯಲ್ಲಿ ಗಮ್ ಪೊಟ್ಟಣದ ಮೇಣದ ಕಲೆ ತುಸು ಅಂಟಿರಬಹುದು. ಅದಕ್ಕೂ 8. ನಿಯಮದ ಪ್ರಕಾರ ಎರಡೂ ಸರಿ. ಗೋಡೆಯ ಮೇಲೆ ಪಕ್ಕಪಕ್ಕ ಇಟ್ಟರೆ ಬೇಸ್‌ಬಾಲ್ ಎಂದರೇನೆಂದು ಅರಿಯದವರೂ ಎರಡನೆಯದನ್ನೇ ಆರಿಸಿಕೊಂಡಾರು.

ಒಂದೇ ಅಂಕಿ ಎಲ್ಲವನ್ನೂ ಹೊರಲಾರದೆಂಬುದು ಅಂಕಿ ಕೊಡುವವರಿಗೂ ಗೊತ್ತು. ಪಿಎಸ್‌ಎ ಕೆಲವು ಕಾರ್ಡುಗಳಿಗೆ ಅಂಕಿಯ ಪಕ್ಕ ಅಕ್ಷರ ಸೇರಿಸುತ್ತದೆ: ಸೆಂಟರಿಂಗ್ ತಪ್ಪಿದ್ದರೆ ಓಸಿ, ಕಲೆ ಇದ್ದರೆ ಎಸ್‌ಟಿ, ಅಚ್ಚಿನ ದೋಷವಿದ್ದರೆ ಪಿಡಿ. ಕಾರ್ಡು ಕಳಿಸಿದವರು ಅಕ್ಷರ ಬೇಡವೆಂದು ಕೋರಿದರೆ ಅಕ್ಷರ ಬಿಟ್ಟು ಅಂಕಿಯನ್ನೇ ಇಳಿಸುತ್ತಾರೆ. ಅಂದರೆ ನಿಮ್ಮ ಮುಂದಿರುವ 7 ನಾಲ್ಕೂ ಮೂಲೆ ಚೂಪಾಗಿದ್ದು ಸೆಂಟರಿಂಗ್ ಮಾತ್ರ ಕೆಟ್ಟ ಕಾರ್ಡಾಗಿರಬಹುದು, ಅಥವಾ ಸೆಂಟರಿಂಗ್ ಚೆನ್ನಾಗಿದ್ದು ಕೈಯಿಂದ ಕೈಗೆ ಓಡಾಡಿ ಸವೆದದ್ದಾಗಿರಬಹುದು. ಗ್ರೇಡಿಂಗ್‌ನಲ್ಲಿ ಅಳೆಯಬಹುದಾದ ಭಾಗದ ಜೊತೆಗೆ ವೈಯಕ್ತಿಕ ತೀರ್ಮಾನದ ಭಾಗವೂ ಇದೆಯೆಂದು ಸಂಸ್ಥೆ ತನ್ನ ಮಾನದಂಡಗಳ ವಿವರಣೆಯಲ್ಲೇ ಒಪ್ಪಿಕೊಂಡಿದೆ.

ಸೆಂಟರಿಂಗ್ ಅಳೆಯಲು ಸುಲಭ, ಆದ್ದರಿಂದ ಅದರ ಮಾತೇ ಹೆಚ್ಚು. ಕಣ್ಣನ್ನು ಹಿಡಿದು ನಿಲ್ಲಿಸುವ ಸಂಗತಿಗಳು ಬೇರೆಯೂ ಇವೆ. ಹಳೆಯ ಕಾರ್ಡುಗಳಲ್ಲಿ ನೀಲಿ, ಕೆಂಪು, ಹಳದಿ, ಕಪ್ಪು ಶಾಯಿಗಳು ಒಂದರ ಮೇಲೊಂದು ಅಚ್ಚಾಗುತ್ತಿದ್ದವು. ಒಂದು ಬಣ್ಣ ಕೂದಲೆಳೆಯಷ್ಟು ಸರಿದರೂ ಮುಖ ಮಸುಕಾಗುತ್ತದೆ, ತುಟಿ ಗಲ್ಲಕ್ಕೆ ಜಾರುತ್ತದೆ. ಎಲ್ಲ ಬಣ್ಣಗಳೂ ಸರಿಯಾಗಿ ಕೂತ ಕಾರ್ಡಿನಲ್ಲಿ ಚಿತ್ರ ಎದ್ದು ಬರುತ್ತದೆ. ಶಾಯಿ ತೆಳುವಾಗಿ ಹತ್ತಿದ ಕಾರ್ಡಿಗೂ ಗಾಢವಾಗಿ ಹತ್ತಿದ ಕಾರ್ಡಿಗೂ ಒಂದೇ ಅಂಕಿ ಬರಬಹುದು. ಹಾಳೆಯನ್ನು ಕತ್ತರಿಸುವಾಗ ಓರೆಯಾದರೆ ಪಟ್ಟಿ ಮೇಲಿನಿಂದ ಕೆಳಕ್ಕೆ ಸಣ್ಣಗಾಗುತ್ತ ಬರುತ್ತದೆ. ಅಳತೆಪಟ್ಟಿ ಅದನ್ನು ಕ್ಷಮಿಸಿದರೂ ಕಣ್ಣು ಕ್ಷಮಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ದೋಷ ಎಲ್ಲಿದೆ ಎಂಬುದು. ಆಟಗಾರನ ಕೆನ್ನೆಯ ಮೇಲಿನ ಒಂದು ಶಾಯಿ ಚುಕ್ಕೆ, ಹಿಂಬದಿಯ ಅಂಕಿಅಂಶಗಳ ಮೇಲಿನ ಹತ್ತು ಚುಕ್ಕೆಗಳಿಗಿಂತ ಹೆಚ್ಚು ನೋಯಿಸುತ್ತದೆ. ಹಿಂಬದಿಯ ಕಾಗದ ಆಲ್ಬಮ್ಮಿಗೆ ಅಂಟಿ ಸ್ವಲ್ಪ ಕಿತ್ತುಹೋಗಿದ್ದರೆ ಅಂಕಿ 1ಕ್ಕೋ 2ಕ್ಕೋ ಕುಸಿಯುತ್ತದೆ, ಆದರೆ ಮುಂಭಾಗ 6ರ ಕಾರ್ಡಿನಂತೆ ಹೊಳೆಯುತ್ತಿರಬಹುದು. ಹಣ ಕಡಿಮೆಯಿದ್ದು ಕಣ್ಣು ಪಳಗಿದ್ದವರಿಗೆ ಇಂಥವೇ ಹಬ್ಬ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಅಂದ ನೋಡುವವರ ಕಣ್ಣಿನಲ್ಲಿದೆ, ಮಾರುವವನಿಗೆ ತನ್ನ ಸರಕೆಲ್ಲ ಚೆಂದವೇ, ಇಂಥದ್ದಕ್ಕೆ ದುಡ್ಡು ಕೊಡುವುದು ಹೇಗೆ? ಮಾರುವವರು ಐ ಅಪೀಲ್ ಎಂಬ ಮಾತನ್ನು ಸವೆಸಿಬಿಟ್ಟಿದ್ದಾರೆ ಎಂಬುದು ನಿಜ. ಹರಾಜಿನ ವಿವರಣೆಗಳಲ್ಲಿ ನೋಟ ಅದ್ಭುತವಲ್ಲದ ಕಾರ್ಡನ್ನು ನೀವು ಕಾಣುವುದೇ ಅಪರೂಪ. ಆದರೆ ಮೇಲೆ ಹೇಳಿದ ಅಂಶಗಳಲ್ಲಿ ಯಾವುದು ವಿವರಿಸಲಾಗದ್ದು? ಬಣ್ಣ ಸರಿದಿದೆಯೋ ಇಲ್ಲವೋ, ಕತ್ತರಿಕೆ ಓರೆಯೋ ನೇರವೋ, ಕಲೆ ಮುಖದ ಮೇಲಿದೆಯೋ ಬೆನ್ನ ಮೇಲೋ ಎಂಬುದನ್ನೆಲ್ಲ ಬೆರಳಿಟ್ಟು ತೋರಿಸಬಹುದು. ಅಭಿಪ್ರಾಯ ಭಿನ್ನವಾಗುವುದು ಯಾವುದಕ್ಕೆ ಎಷ್ಟು ತೂಕ ಎಂಬಲ್ಲಿ. ಒಬ್ಬರಿಗೆ ಸೆಂಟರಿಂಗ್ ಪ್ರಾಣ, ಇನ್ನೊಬ್ಬರಿಗೆ ಬಣ್ಣ. ಇಷ್ಟು ಭಿನ್ನತೆ ಗ್ರೇಡಿಂಗ್‌ನಲ್ಲೂ ಇದೆ. ಕವಚ ಒಡೆದು ಅದೇ ಕಾರ್ಡನ್ನು ಮತ್ತೆ ಕಳಿಸಿ ಮೊದಲಿಗಿಂತ ಹೆಚ್ಚು ಅಂಕಿ ಪಡೆಯುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಚೆಂದಕ್ಕೆ ಬೆಲೆ ಕೊಟ್ಟರೆ ಚೆಂದ ಮಾಡುವವರಿಗೆ ದಾರಿ ತೆರೆದಂತೆ. ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಕತೆ ಇದಕ್ಕೆ ಸಾಕ್ಷಿ. 1909ರಿಂದ 1911ರ ನಡುವೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನೊಳಗೆ ಹಂಚಿದ, ಟಿ206 ಎಂದು ಹೆಸರಾದ ಸರಣಿಯಲ್ಲಿ ವ್ಯಾಗ್ನರ್ ತೀರ ಅಪರೂಪ, ಸಿಕ್ಕಿದವೂ ಬಹುಪಾಲು ಮಡಚಿ ಮಾಸಿದವು. ಅವುಗಳ ನಡುವೆ ಒಂದು ಮಾತ್ರ ಚೂಪು ಮೂಲೆ, ನೇರ ಅಂಚುಗಳಿಂದ ಕಂಗೊಳಿಸುತ್ತಿತ್ತು. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವನ ತಂಡದ ಮಾಲೀಕ ಬ್ರೂಸ್ ಮ್ಯಾಕ್‌ನಾಲ್ ಸೇರಿ ಅದನ್ನು 1991ರಲ್ಲಿ ಸೋದಬೀಸ್ ಹರಾಜಿನಲ್ಲಿ 4,51,000 ಡಾಲರಿಗೆ ಕೊಂಡರು. ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡು ಅದೇ, ಸಿಕ್ಕ ಅಂಕಿ 8. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2013ರಲ್ಲಿ ಹರಾಜು ವ್ಯಾಪಾರಿ ಬಿಲ್ ಮ್ಯಾಸ್ಟ್ರೊ, ಅಮೆರಿಕದ ಫೆಡರಲ್ ನ್ಯಾಯಾಲಯದಲ್ಲಿ ನಡೆದ ವಂಚನೆಯ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಳ್ಳುವಾಗ, ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ಒಪ್ಪವಾಗಿಸಿದ್ದಾಗಿಯೂ ಹೇಳಿದ. ಕತ್ತರಿಸಿದ್ದು ಪತ್ತೆಯಾದರೆ ಕಾರ್ಡಿಗೆ ಅಂಕಿಯನ್ನೇ ಕೊಡಬಾರದೆಂಬುದು ಈ ಕ್ಷೇತ್ರದ ಮೂಲ ನಿಯಮ.

ಹಾಗಾದರೆ ನೋಟ ನಂಬಿ ಕೆಟ್ಟರೆಂದೇ ಅರ್ಥವೇ? ಇಲ್ಲಿ ನೋಟದಷ್ಟೇ ಅಂಕಿಯೂ ಸೋತಿದೆ. ನೋಟದಲ್ಲೂ ಸೋತದ್ದು ಅಂದವನ್ನಷ್ಟೇ ನೋಡುವ ಕಣ್ಣು. ನೂರು ವರ್ಷ ಹಿಂದೆ ಸಿಗರೇಟು ಪ್ಯಾಕಿಗೆಂದು ರಾಶಿರಾಶಿಯಾಗಿ ಕೊಯ್ದ ರಟ್ಟಿನ ತುಂಡಿಗೆ ಅಷ್ಟು ನಯವಾದ ಅಂಚು ಎಲ್ಲಿಂದ ಬಂತು ಎಂಬ ಅನುಮಾನ ಕೆಲವು ಬಲ್ಲವರಿಗೆ ಮೊದಲೇ ಇತ್ತು. ಇದರ ಇನ್ನೊಂದು ಮುಖ ಗ್ರೆಟ್ಸ್‌ಕಿಯದೇ ಕಾರ್ಡಿನಲ್ಲಿದೆ. 1979ರಲ್ಲಿ ಕೆನಡಾದ ಓ-ಪೀ-ಚೀ ಕಂಪನಿ ತಂದ ಅವನ ಮೊದಲ ಕಾರ್ಡುಗಳ ಹಾಳೆಗಳನ್ನು ತಂತಿಯಿಂದ ಕತ್ತರಿಸುತ್ತಿದ್ದರು, ಹಾಗಾಗಿ ಅಂಚಿನಲ್ಲಿ ನಾರು ಎದ್ದು ಹರಕಲಾಗಿ ಕಾಣುತ್ತದೆ. ತಿಳಿಯದವರು ಇದನ್ನು ದೋಷವೆನ್ನುತ್ತಾರೆ, ತಿಳಿದವರು ಒರಟು ಅಂಚನ್ನೇ ಹುಡುಕುತ್ತಾರೆ, ನಯವಾದ ಅಂಚು ಕಂಡರೆ ಯಾರೋ ಕತ್ತರಿ ಆಡಿಸಿದ್ದಾರೆಯೇ ಎಂದು ಅಳತೆಪಟ್ಟಿ ತೆಗೆಯುತ್ತಾರೆ. ಕತ್ತರಿಸಿದ ವ್ಯಾಗ್ನರ್ ಕೊಂಡವನ ಸ್ವಂತ ಕಾರ್ಡು ಕತ್ತರಿಕೆಯ ಪಾಠ ಹೇಳುವಂತಾದದ್ದು ವಿಚಿತ್ರ ಕಾಕತಾಳೀಯ. ಒಳ್ಳೆಯ ನೋಟವೆಂದರೆ ಆ ಕಾರ್ಡು ಹುಟ್ಟಿದ ರೀತಿಗೆ ತಕ್ಕ ಒಳ್ಳೆಯ ನೋಟ. 1952ರ ಟಾಪ್ಸ್‌ಗೆ ಬೇಕಾದ ಕಣ್ಣು ಬೇರೆ, 1979ರ ಓ-ಪೀ-ಚೀಗೆ ಬೇಕಾದ ಕಣ್ಣು ಬೇರೆ. ಅಸಲಿಯೆಂಬುದು ಮೊದಲು ಖಾತ್ರಿಯಾಗಲಿ, ಅದಕ್ಕೆ ಗ್ರೇಡಿಂಗ್ ಸಂಸ್ಥೆ ಬೇಕೇ ಬೇಕು. ನೋಟದ ಮಾತು ಆಮೇಲಿನದು.

ಮೂರನೆಯ ಆಕ್ಷೇಪ ವ್ಯವಹಾರಸ್ಥರದು: ಮಾರುಕಟ್ಟೆ ಅಂಕಿಯನ್ನೇ ನೋಡುತ್ತದೆ, ನಾಳೆ ಮಾರುವಾಗ ನಿಮ್ಮ ಚೆಂದದ 7ಕ್ಕೆ ಯಾರೂ 8ರ ಬೆಲೆ ಕೊಡುವುದಿಲ್ಲ. ಬಹಳ ಮಟ್ಟಿಗೆ ಇದು ನಿಜ. ಕಾರ್ಡು ನೋಡದೆ ಫೋನಿನಲ್ಲೇ ಕೊಳ್ಳುವವರಿಗೆ ಅಂಕಿಯೇ ಆಧಾರ. ಆದರೂ ಅಂಕಿಯ ಏಣಿ ಯಾವಾಗಲೂ ಬೆಲೆಯ ಏಣಿಯಾಗಿ ಉಳಿದಿಲ್ಲ. ಎಸ್‌ಜಿಸಿ 3 ಪಡೆದ ಒಂದು ವ್ಯಾಗ್ನರ್ 2021ರ ಆಗಸ್ಟ್‌ನಲ್ಲಿ 66 ಲಕ್ಷ ಡಾಲರಿಗೆ ಹೋಯಿತು. ಮರುವರ್ಷ ಅದೇ ಸಂಸ್ಥೆಯ 2 ಪಡೆದ ಇನ್ನೊಂದು ವ್ಯಾಗ್ನರ್ 72.5 ಲಕ್ಷಕ್ಕೆ ಮಾರಾಟವಾಯಿತು. ಮೊದಲನೆಯದು ಹರಾಜು, ಎರಡನೆಯದು ಖಾಸಗಿ ಮಾರಾಟ, ನಡುವೆ ಒಂದು ವರ್ಷದ ಅಂತರ, ಹಾಗಾಗಿ ಇದರಿಂದಲೇ ನನ್ನ ವಾದ ಗೆದ್ದಿತೆನ್ನಲಾರೆ. ಅಷ್ಟು ದುಡ್ಡು ಕೊಡುವವರು ಕವಚದ ಮೇಲಿನ ಚೀಟಿಯನ್ನಷ್ಟೇ ಓದಿ ಎದ್ದುಹೋಗುವುದಿಲ್ಲ ಎಂದಷ್ಟೇ ಹೇಳಬಹುದು. ಹೊಸ ಕಾರ್ಡುಗಳ ವಿಷಯದಲ್ಲಿ ಮಾತ್ರ ಈ ಆಕ್ಷೇಪವನ್ನು ಪೂರ್ತಿ ಒಪ್ಪುತ್ತೇನೆ. ಯಂತ್ರ ನಿಖರವಾಗಿ ಕತ್ತರಿಸಿ, ಪೊಟ್ಟಣದಿಂದ ತೆಗೆದ ದಿನವೇ ಗ್ರೇಡಿಂಗ್‌ಗೆ ಹೋದ ಸಾವಿರಾರು ಹತ್ತುಗಳ ನಡುವೆ ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಹೊಳೆಯುವ ಫಾಯಿಲ್ ಇರುವ 1999ರ ಪೊಕೆಮಾನ್ ಚಾರಿಜಾರ್ಡ್‌ನಂಥವು ನಡುವಿನವು, ಬೆಳಕಿನಲ್ಲಿ ಓರೆ ಮಾಡಿದರೆ ಮಾತ್ರ ಅವುಗಳ ಗೀರು ಕಾಣುತ್ತದೆ.

ನೋಟವನ್ನೂ ಅಂಕಿಯಾಗಿಸುವ ಯತ್ನಗಳು ನಡೆದಿವೆ. ಪಿಡಬ್ಲ್ಯುಸಿಸಿ ಎಂಬ ಹರಾಜು ಸಂಸ್ಥೆ ಅದೇ ಗ್ರೇಡಿನ ಕಾರ್ಡುಗಳಲ್ಲಿ ನೋಟ ಚೆನ್ನಾಗಿರುವವನ್ನು ಆರಿಸಿ ಎ, ಇ, ಎಸ್ ಎಂಬ ಮೂರು ದರ್ಜೆಯ ಚೀಟಿ ಅಂಟಿಸುತ್ತಿತ್ತು. ಕೊಳ್ಳುವವರಿಗೆ ಅದರಿಂದ ಒಂದಿಷ್ಟು ಅನುಕೂಲವಾದೀತು, ಆದರೆ ಕವಚದ ಮೇಲೆ ಓದಲು ಇನ್ನೊಂದು ಚೀಟಿ ಬಂದರೆ ಒಳಗಿರುವುದನ್ನು ನೋಡುವವರು ಇನ್ನೂ ಕಡಿಮೆಯಾಗುತ್ತಾರೆ. ಚೀಟಿಗಿಂತ ಮೊದಲು ಚಿತ್ರ ನೋಡುವವರು ಮಾರುವವನ ಒಂದೇ ಫೋಟೊಕ್ಕೆ ತೃಪ್ತರಾಗಬಾರದು. ಬಣ್ಣ ಏರಿಸಿದ ಫೋಟೊದಲ್ಲಿ ಮಾಸಿದ ಕಾರ್ಡೂ ಹೊಸದಾಗುತ್ತದೆ, ಕವಚದ ಮೇಲಿನ ಗೀರು ಕಾರ್ಡಿನ ಗೀರಾಗಿ ಕಾಣುತ್ತದೆ. ಎದುರಿನಿಂದ ಒಂದು, ಓರೆ ಬೆಳಕಿನಲ್ಲಿ ಒಂದು, ಹಿಂಬದಿಯದೊಂದು ಕೇಳಬೇಕು. ಕಾರ್ಡು ಕೈಗೆ ಸಿಕ್ಕರೆ ಮೊದಲು ತೋಳಳತೆ ದೂರದಲ್ಲಿ ಹಿಡಿದು ನೋಡುವುದು ಒಳ್ಳೆಯದು, ಭೂತಗನ್ನಡಿ ಆಮೇಲೆ. ಏಕೆಂದರೆ ಕಪಾಟಿನಲ್ಲಿಟ್ಟ ಮೇಲೆ ನೋಡುವುದೂ ಆ ದೂರದಿಂದಲೇ.